ನೀರಿನ ಗಾಜು

೧೯೪೮ರ ಮಾರ್ಚ್ ತಿಂಗಳಲ್ಲಿ ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವಾರ ಬನಹಟ್ಟಿಯ ವಿದ್ಯುತ್ ಮನೆಯಲ್ಲಿ ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಿದ್ದ ಹಳೆಯ ಫಾಯರಮನ್ ಒಬ್ಬರು ತಮ್ಮ ಮಗಳ ಮನೆಯಲ್ಲಿ ತೀರಿಕೊಂಡರು. ಮೊದಲನೆಯ ಸುದ್ದಿಗೆ ನಾನು ಕೆಲಸ ಮಾಡುವ ವಾರಪತ್ರಿಕೆ ಇಡೀ ಮುಖಪುಟ ಕೊಟ್ಟಿತು. ಎರಡನೆಯದಕ್ಕೆ ಒಂದು ಸಾಲೂ ಸಿಗಲಿಲ್ಲ. ಆ ವಾರ ಪುಟ ಕಟ್ಟಿದವನು ನಾನೇ. ಸಾವಿನ ಸುದ್ದಿ ನನಗೆ ತಲುಪಿದ್ದು ಅಚ್ಚು ಮುಗಿದ ಮೇಲೆ.

ಊರಿನವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ಮೂಲತಃ ಅರಳೆ ಹಿಂಜುವ ಮನೆತನ. ಹರೆಯದಲ್ಲಿ ಮುಂಬಯಿಗೆ ಹೋಗಿ, ಗಿರಣಿಯೊಂದರ ಬಾಯ್ಲರ್ ಮುಂದೆ ಸಲಿಕೆ ಹಿಡಿದು, ಅಲ್ಲಿಂದ ಹಡಗು ಹತ್ತಿದವರು. ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲು ಎಸೆಯುತ್ತ ಎಷ್ಟೋ ಬಂದರು ಮುಟ್ಟಿದರು. ಒಂದು ಬಂದರಿನಲ್ಲಿ ಜ್ವರ ಬಂದು ಹಡಗು ಅವರನ್ನು ಬಿಟ್ಟು ಹೋಯಿತು. ಅದು ಸಮುದ್ರದ ದಂಡೆಗೇ ಗಣಿಗಳಿದ್ದ ನಾಡು. ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಅವರು ಕೆಲವು ವರ್ಷ ಬೆಂಕಿ ನೋಡಿಕೊಂಡು, ಆಮೇಲೆ ಊರಿಗೆ ಮರಳಿದರು. ಇದೆಲ್ಲ ಅವರು ಹೇಳಿದ್ದು, ನಾನು ಕಂಡದ್ದಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆ ಇಡಬೇಕೆಂದು ನನಗೆ ಕಲಿಸಿದವರು ಅವರೇ. ಆದ್ದರಿಂದ ಅವರ ವಿಷಯದಲ್ಲೂ ಹಾಗೆಯೇ ಇಡುತ್ತೇನೆ.

ನಾನು ಅವರನ್ನು ಕಂಡಾಗ ನನಗೆ ಇಪ್ಪತ್ತನಾಲ್ಕು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಸಾವಳಗಿಯಲ್ಲಿ ಕೆಲದಿನ ಸಾಲಿ ಮಾಸ್ತರಿಕೆ ಮಾಡಿ ಬಿಟ್ಟಿದ್ದೆ. ಹೊಸದಾಗಿ ಮದುವೆಯಾಗಿತ್ತು. ಬನಹಟ್ಟಿಯ ಅರಿವೆ ವ್ಯಾಪಾರಿಯೊಬ್ಬರು ತಮ್ಮ ಯಂತ್ರದ ಮಗ್ಗಗಳಿಗಾಗಿ ಕರೆಂಟು ಹುಟ್ಟಿಸುವ ಉಗಿಯ ಇಂಜಿನ್ ಕೂಡಿಸಿದ್ದರು. ಉಳಿದ ಕರೆಂಟನ್ನು ಸಂಜೆ ಪೇಟೆಯ ಅಂಗಡಿಗಳಿಗೆ ಕೊಡುತ್ತಿದ್ದರು. ಅಲ್ಲಿ ನನಗೆ ಸಿಕ್ಕ ಕೆಲಸ, ತಾಸಿಗೊಮ್ಮೆ ಒಂದು ವಹಿ ತುಂಬುವುದು. ಉಗಿಯ ಒತ್ತಡ ಎಷ್ಟು, ಬಾಯ್ಲರಿನಲ್ಲಿ ನೀರು ಎಷ್ಟು, ಎಷ್ಟು ಬುಟ್ಟಿ ಕಲ್ಲಿದ್ದಲು ಹೋಯಿತು. ಅದಕ್ಕೆ ತಾಸಿನ ವಹಿ ಎಂದೇ ಹೆಸರು.

ಮೊದಲ ದಿನ ನಾನು ಮೂಲೆಯ ಸ್ಟೂಲಿನ ಮೇಲೆ ಕುಳಿತು, ಕಲ್ಲಿದ್ದಲು ಎಸೆಯುವ ಆಳಿಗೆ ‘ಎಷ್ಟು ಬುಟ್ಟಿ ಆತೋ?’ ಎಂದು ಕೇಳಿ, ಅವನು ಹೇಳಿದ್ದನ್ನು ಬರೆದೆ. ಚಾಚಾ ಸಲಿಕೆ ಗೋಡೆಗೆ ಆನಿಸಿ ನನ್ನ ಕಡೆ ಬಂದರು.

“ಮಾಸ್ತರ, ನೀವು ಬುಟ್ಟಿ ನೋಡಿದಿರೇನ್ರಿ?”

“ಇಲ್ಲ. ಅವ ಹೇಳಿದ.”

“ಹಂಗಾರ ‘ಅವ ಹೇಳಿದ’ ಅಂತ ಬರೀರಿ.”

“ಹಂಗ ಯಾರ ಬರೀತಾರ್ರಿ ಚಾಚಾ?”

“ಯಾರೂ ಬರಿಯೂದಿಲ್ಲ. ಅದಕ್ಕ ಜಗತ್ತಿನ್ಯಾಗ ಇಷ್ಟ ಬಂಬ ಒಡೀತಾವು.”

ಬಾಯ್ಲರಿಗೆ ಅವರು ಬಂಬ ಎಂದೇ ಹೇಳುತ್ತಿದ್ದರು, ಮನೆಯ ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಹಂಡೆಗೆ ಹೇಳುವ ಹಾಗೆ. ಎರಡು ಚಕ್ಕಡಿ ಉದ್ದದ ಆ ಕಬ್ಬಿಣದ ದೇಹ ಅವರ ಬಾಯಲ್ಲಿ ಮನೆಯ ಪಾತ್ರೆಯಾಗುತ್ತಿತ್ತು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಆದರೂ ಪ್ರತಿದಿನ ಪಾಳಿ ಮುಗಿಯುವಾಗ ವಹಿಯನ್ನು ನನ್ನಿಂದ ಓದಿಸಿ ಕೇಳಿದ ಮೇಲೆಯೇ ಅಂಗಿ ಹಾಕಿಕೊಳ್ಳುತ್ತಿದ್ದರು.

ಕಲ್ಲಿದ್ದಲು ಕುಡಚಿ ಸ್ಟೇಷನ್ನಿಗೆ ರೈಲಿನಲ್ಲಿ ಬಂದು, ಅಲ್ಲಿಂದ ತೇರದಾಳ ಹಾದು ಚಕ್ಕಡಿಯಲ್ಲಿ ಬರುತ್ತಿತ್ತು. ಮಳೆ ಹಿಡಿದರೆ ಎರಿಮಣ್ಣಿನ ದಾರಿಯಲ್ಲಿ ಗಾಲಿ ಹೂತು ಎರಡೆರಡು ದಿನ ಅಲ್ಲೇ ನಿಲ್ಲುತ್ತಿತ್ತು. ಚಕ್ಕಡಿ ಬಂದ ಕೂಡಲೆ ಚಾಚಾ ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯುತ್ತಿದ್ದರು. ಠಣ್ ಎಂದರೆ ಒಳಗೆ ಹೋಗಲಿ ಎಂದು ಕೈಮಾಡುವರು. ದಬ್ ಎಂದರೆ ಚಕ್ಕಡಿಯವನಿಗೆ, “ತಮ್ಮಾ, ಇದು ಕಲ್ಲ. ಮನಿ ಕಟ್ಟಾಕ ಒಯ್ಯಿ” ಎನ್ನುವರು.

ಆ ಸಮುದ್ರ ದಂಡೆಯ ಸ್ಥಾವರದ ಮಾತು ಬಂದಾಗ ಮಾತ್ರ ಅವರು ಕೆಲಸ ನಿಲ್ಲಿಸಿ ಕುಳಿತುಕೊಳ್ಳುತ್ತಿದ್ದರು. ಅಲ್ಲಿ ಗಣಿ ನೆಲದಿಂದ ಶುರುವಾಗಿ ಸಮುದ್ರದ ಅಡಿಗೆ ಹೋಗುತ್ತಿತ್ತಂತೆ. ಮೇಲೆ ಮೀನುಗಾರರು ಬಲೆ ಬೀಸುವರು, ಕೆಳಗೆ ಇವರ ಒಲೆಗೆ ಕಲ್ಲಿದ್ದಲು ಒಡೆಯುವರು. ಗಣಿಯ ಬಾಯಿಂದ ಸ್ಥಾವರದ ಒಲೆಯ ತನಕ ಎತ್ತರದಲ್ಲಿ ಕಟ್ಟಿದ ತಂತಿಯ ಹಗ್ಗಕ್ಕೆ ಜೋತು ತೊಟ್ಟಿಗಳು ತೇಲಿಕೊಂಡು ಬರುತ್ತಿದ್ದವು. “ಚಕ್ಕಡಿ ಇಲ್ಲ, ಎತ್ತ ಇಲ್ಲ, ‘ದಾರಿ ಕೆಟ್ಟೈತ್ರಿ’ ಅನ್ನಾವ ಇಲ್ಲ.” ಬಿರುಗಾಳಿ ಎದ್ದ ಮರುದಿನ ಅಲೆಗಳು ಕಲ್ಲಿದ್ದಲಿನ ಉಂಡೆಗಳನ್ನು ದಂಡೆಗೆ ತಂದು ಹಾಕುತ್ತಿದ್ದವು. ಹೆಂಗಸರು ಬುಟ್ಟಿ ತಂದು ಆರಿಸಿಕೊಂಡು ಹೋಗುವರು, ನಮ್ಮಲ್ಲಿ ಹೊಲದಲ್ಲಿ ಕುಳ್ಳು ಆರಿಸಿದ ಹಾಗೆ. ಅಂಥದೊಂದು ಉಂಡೆ ಅವರ ಹತ್ತಿರ ಇತ್ತು. ಇದನ್ನು ನಾನು ಕಂಡಿದ್ದೇನೆ. ಹೊಳೆಯ ಕಲ್ಲಿನಂತೆ ನುಣ್ಣಗಿತ್ತು. ಮುಟ್ಟಿದರೆ ಕೈಗೆ ಮಸಿ ಹತ್ತುತ್ತಿರಲಿಲ್ಲ. ಬಾಯ್ಲರ್ ಮನೆಯ ಕಿಟಕಿಯಲ್ಲಿ ಅದನ್ನು ಇಟ್ಟಿದ್ದರು.

ಯುದ್ಧದ ಕಾಲದಲ್ಲಿ ಕಲ್ಲಿದ್ದಲಿಗೆ ತತ್ವಾರ ಬಂತು. ಒಂದು ದಿನ ಮಾಲಕರು ಕಿಟಕಿಯ ಕಡೆ ನೋಡಿ ನಗಾಡಿದರು. “ಚಾಚಾ, ಅದನ್ನೂ ಒಗೀರಿ ಒಲಿಯಾಗ. ಒಂದು ಗಳಿಗಿ ಎರಡ ಮಗ್ಗ ನಡೀತಾವು.”

ಚಾಚಾ ತಲೆ ಎತ್ತದೆ ಹೇಳಿದರು: “ಮಾಲಕರ, ನಿಮ್ಮ ರುಮಾಲ ಒಗದ್ರ ಎರಡು ಗಳಿಗಿ ನಡೀತಾವ್ರಿ. ಭಾಳ ಸುತ್ತ ಅದಾವ.”

ಮಾಲಕರು ತಲೆಗೆ ಸುತ್ತಿದ ರುಮಾಲು ಮುಟ್ಟಿ ನೋಡಿಕೊಂಡು ಹೊರಗೆ ಹೋದರು. ಅಂಥ ಮಾತು ಆಡಿಯೂ ಕೆಲಸ ಉಳಿಸಿಕೊಂಡವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಬಾಯ್ಲರಿನ ಮುಂಭಾಗದಲ್ಲಿ, ಆಳೆತ್ತರಕ್ಕಿಂತ ಮೇಲೆ, ಕೈಬೆರಳು ದಪ್ಪದ ಒಂದು ಗಾಜಿನ ನಳಿಗೆ ಇತ್ತು. ಒಳಗಿನ ನೀರು ಎಷ್ಟಿದೆಯೋ ಈ ನಳಿಗೆಯಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತಿತ್ತು. ಅರ್ಧ ಗಾಜು ಇದ್ದರೆ ಕ್ಷೇಮ. ಗಾಜು ಬರಿದಾದರೆ ಒಲೆಯ ಮೇಲಿನ ಕಬ್ಬಿಣ ಕೆಂಪಾಗುತ್ತದೆ. ಮುಂದೆ ಏನಾಗುತ್ತದೆ ಎಂಬುದನ್ನು ನೋಡಿ ಹೇಳಲು ಸಾಮಾನ್ಯವಾಗಿ ಯಾರೂ ಉಳಿಯುವುದಿಲ್ಲ. ಗಾಜಿನ ಪಕ್ಕದಲ್ಲಿ ಮೇಲೆ, ನಡುವೆ, ಕೆಳಗೆ ಎಂದು ಮೂರು ಸಣ್ಣ ಹಿತ್ತಾಳೆಯ ನಳಗಳಿದ್ದವು. ನಡುವಿನದನ್ನು ತಿರುವಿದಾಗ ನೀರು ಬಂದರೆ ಸರಿ, ಬರಿ ಉಗಿ ಬಂದರೆ ನೀರು ಇಳಿದಿದೆ ಎಂದು ಅರ್ಥ. “ಗಾಜು ಒಮ್ಮೊಮ್ಮೆ ಸುಳ್ಳ ಹೇಳತೈತಿ. ನಳ ಹೇಳೂದಿಲ್ಲ” ಎನ್ನುವುದು ಅವರ ಮಾತು.

ಕೆಲಸಕ್ಕೆ ಸೇರಿ ಒಂದು ವರ್ಷ ಕಳೆದ ಮೇಲೆ ನನಗೊಂದು ಸಂಗತಿ ಗಮನಕ್ಕೆ ಬಂತು. ಚಾಚಾ ತಾವೇ ಗಾಜು ನೋಡುತ್ತಿರಲಿಲ್ಲ. “ಮಾಸ್ತರ, ಗಾಜು ಎಷ್ಟೈತ್ರಿ?” ಎಂದು ಕೇಳುವರು. ನಾನು ಏಣಿ ಹತ್ತಿ ನೋಡಿ ಕೂಗಿ ಹೇಳುವೆ. ಒಮ್ಮೆ ನಾನು ಎದುರಿಗೆ ನಿಂತಿದ್ದಾಗಲೇ ಅವರು ಬಾಗಿಲ ಹೊರಗೆ ಮುಖ ಮಾಡಿ ನನ್ನನ್ನು ಕೂಗಿ ಕರೆದರು. ಅಷ್ಟು ವರ್ಷ ಬೆಂಕಿ ನೋಡಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಂಕಿಯ ಬೆಳಕು ಗೊತ್ತಾಗುತ್ತಿತ್ತು, ಮನುಷ್ಯರು ನೆರಳಿನ ಹಾಗೆ ಗೊತ್ತಾಗುತ್ತಿದ್ದರು. ಗಾಜಿನೊಳಗಿನ ನೀರಿನ ಗೆರೆ ಕಾಣುತ್ತಿರಲಿಲ್ಲ.

ನಾನು ಕೇಳಲಿಲ್ಲ. ಅವರೇ ಹೇಳಿದರು. “ನಿಮ್ಮ ಕಣ್ಣಲೇ ನಡದೈತ್ರಿ ಮಾಸ್ತರ. ಇದು ಹೊರಗ ಬಿದ್ರ ನನ್ನ ಬೆಂಕಿ ಮುಂದಿಂದ ಎಬ್ಬಸ್ತಾರ. ಬೆಂಕಿ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ.”

ನಾನು ಯಾರಿಗೂ ಹೇಳಲಿಲ್ಲ. ಅವರು ಕಿವಿಯಿಂದ, ಮೂಗಿನಿಂದ, ಅಂಗೈಯ ಕಾವಿನಿಂದ ಕೆಲಸ ನಡೆಸುತ್ತಿದ್ದರು. ನೀರಿನ ಗೆರೆಯನ್ನು ಮಾತ್ರ ನಾನು ಹೇಳಬೇಕಿತ್ತು.

ಆ ವರ್ಷದ ಖಂಡೇನವಮಿ ಹೀಗೆ ಬಂತು. ನನ್ನ ಹೆಂಡತಿ ಆಗ ಬಸುರಿ. ನೇಕಾರರ ಊರಿನಲ್ಲಿ ಖಂಡೇಪೂಜೆ ಎಂದರೆ ಸಣ್ಣ ಹಬ್ಬವಲ್ಲ. ಆ ದಿನ ಮಗ್ಗ ಆಡುವುದಿಲ್ಲ. ಲಾಳಿಗೂ ಕತ್ತರಿಗೂ ಪೂಜೆ. ಬಾಯ್ಲರಿಗೂ ಆಗಬೇಕೆಂದು ಮಾಲಕರ ಅಪ್ಪಣೆ. ಬೆಳಿಗ್ಗೆ ಬೆಂಕಿಯನ್ನು ಬೂದಿ ಮುಚ್ಚಿ ತಣ್ಣಗೆ ಇಟ್ಟರು. ಮಗ್ಗದ ಆಳುಗಳು ಬಂದು ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದರು. ಕಬ್ಬಿನ ಗಳ, ಬಾಳೆಕಂಬ, ಚೆಂಡುಹೂವಿನ ಮಾಲೆ. ಚಾಚಾ ತಮ್ಮ ಸಲಿಕೆಯನ್ನು ತೊಳೆದು ತಂದು ಪೂಜೆಯ ಸಾಲಿನಲ್ಲಿ ಇಟ್ಟು, ಹೊರಗೆ ಬೇವಿನ ಗಿಡದ ಕೆಳಗೆ ಕುಳಿತರು. ಪೂಜೆ ಮಾಡಿಸುವ ಅಯ್ಯನವರು ಬಂದು ಒಲೆಯ ಬಾಗಿಲಿಗೆ, ಒತ್ತಡದ ಗಡಿಯಾರಕ್ಕೆ, ಪಂಪಿಗೆ ವಿಭೂತಿ ಹಚ್ಚಿದರು. ಕೊನೆಗೆ ಏಣಿ ಹತ್ತಿ, ನೀರಿನ ಗಾಜಿಗೂ ಮೂರು ಬೆರಳಿನಿಂದ ಮೂರು ಗೆರೆ ಎಳೆದರು. ಇದನ್ನು ನಾನು ಕಂಡೆ. ಕಂಡು ಕೈಮುಗಿದೆ.

ಹಬ್ಬದ ಸಂಜೆ ಪೇಟೆಯಲ್ಲಿ ದೀಪ ಉರಿಯಲೇಬೇಕಿತ್ತು. ಮಧ್ಯಾಹ್ನ ಬೆಂಕಿ ಬಿಚ್ಚಿ ಕಲ್ಲಿದ್ದಲು ಹಾಕಿದರು. ಹಿತ್ತಾಳೆ ತಿಕ್ಕಿದವರಲ್ಲಿ ಯಾರೋ ಬಾಯ್ಲರಿನ ತಳದಲ್ಲಿ ನೀರು ಹೊರಬಿಡುವ ನಳದ ಹಿಡಿಯನ್ನು ಸ್ವಲ್ಪ ತಿರುವಿಬಿಟ್ಟಿದ್ದರು. ನೀರು ಸಣ್ಣಗೆ ಹೊರಗಿನ ಚರಂಡಿಗೆ ಹೋಗುತ್ತಿತ್ತು. ಇದು ಗೊತ್ತಾದದ್ದು ಮರುದಿನ.

ಸಂಜೆ ಚಾಚಾ ಕೇಳಿದರು, “ಗಾಜು ಎಷ್ಟೈತ್ರಿ?”

ಏಣಿಯ ಬುಡದಲ್ಲಿ ಬಾಳೆಕಂಬ ಕಟ್ಟಿದ್ದರು. ನಾನು ಹತ್ತಲಿಲ್ಲ. ಕೆಳಗಿನಿಂದಲೇ ಕತ್ತೆತ್ತಿ ನೋಡಿದೆ. ಗಾಜಿನ ನಟ್ಟನಡುವೆ ಒಂದು ಬೆಳ್ಳನೆಯ ಗೆರೆ ಹೊಳೆಯುತ್ತಿತ್ತು.

“ಅರ್ಧ ಐತ್ರಿ ಚಾಚಾ.”

ವಹಿಯಲ್ಲಿ ಬರೆದೆ: ಅರ್ಧ ಗಾಜು. ನಾನು ಕಂಡದ್ದು ವಿಭೂತಿಯ ನಡುವಿನ ಗೆರೆ. ಗಾಜಿನಲ್ಲಿ ನೀರು ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಚಾಚಾ ಸಲಿಕೆ ಇಳಿಸಿ ಬಾಯ್ಲರಿಗೆ ಕಿವಿಗೊಟ್ಟರು. “ದನಿ ಬದಲಾತು” ಎಂದರು. ಕೈಯಿಂದ ಬಾಯ್ಲರಿನ ಮುಖ ತಡವಿಕೊಂಡು ಏಣಿ ಹತ್ತಿ, ನಡುವಿನ ನಳ ತಿರುವಿದರು. ಒಣ ಉಗಿ ಸೀಟಿ ಹೊಡೆಯಿತು. ಕೆಳಗಿನದನ್ನು ತಿರುವಿದರು. ಅದರಲ್ಲೂ ಉಗಿ.

ನೀರು ಕಡಿಮೆಯಾಗಿದೆ ಎಂದು ತಿಳಿದಾಗ ಯಾರಿಗೇ ಆಗಲಿ ಮೊದಲು ಹೊಳೆಯುವುದು ನೀರು ಬಿಡುವುದು. ನಾನು ಪಂಪಿನ ಕಡೆ ಓಡಿದೆ. ಕಾದು ಕೆಂಪಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಚಾಚಾ ಏಣಿಯಿಂದ ಹಾರಿ ಸಲಿಕೆಯನ್ನು ನನ್ನ ಎದೆಗೆ ಅಡ್ಡ ಹಿಡಿದರು.

“ಪಂಪ ಮುಟ್ಟಬ್ಯಾಡ! ಹೊರಗ ನಡಿ! ಬಸುರಿ ಹೆಂಡ್ತಿ ಅದಾಳ ಮನ್ಯಾಗ, ನಡಿಯೋ!”

ನನ್ನನ್ನು ಅವರು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಆಳುಗಳನ್ನೂ ಹೊರಗೆ ಅಟ್ಟಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹಸಿ ಬೂದಿಯನ್ನು ಸಲಿಕೆ ಸಲಿಕೆಯಾಗಿ ಬೆಂಕಿಯ ಮೇಲೆ ಎಸೆದರು. ಆಮೇಲೆ ಉದ್ದನೆಯ ಕೊಕ್ಕೆ ಹಾಕಿ ಕೆಂಡವನ್ನು ನೆಲಕ್ಕೆ ಎಳೆದರು. ಅವರಿಗೆ ಕೆಂಡದ ಬೆಳಕು ಕಾಣುತ್ತಿತ್ತು, ಅದರ ಅಂಚು ಕಾಣುತ್ತಿರಲಿಲ್ಲ. ಎಡಗಾಲು ಕೆಂಡದಲ್ಲಿ ಇಳಿಯಿತು. ಕಾಲು ತೆಗೆದು ಕೆಲಸ ಮುಂದುವರಿಸಿದರು. ಒಲೆ ಕಪ್ಪಾಗುವ ತನಕ ಹೊರಗೆ ಬರಲಿಲ್ಲ.

ಪೇಟೆಯಲ್ಲಿ ದೀಪ ಹೋದವು. ಖಂಡೇನವಮಿಯ ಸಂಜೆ ಅಂಗಡಿಗಳೆಲ್ಲ ಕತ್ತಲೆ. ಪೂಜೆಯಲ್ಲಿ ಏನೋ ಕೊರತೆಯಾಗಿದೆ ಎಂದು ಜನ ಮಾತಾಡಿಕೊಂಡರು. ಇದು ಕೇಳಿದ್ದು.

ಮರುದಿನ ಬನ್ನಿ ಹಂಚುವ ಹೊತ್ತಿನಲ್ಲಿ ಮಾಲಕರು ಬಂದರು. ತಪಾಸಣೆಯ ಅಧಿಕಾರಿಗೆ ಹೇಳಿಕಳಿಸಿದ್ದರು. ಅವರು ಬರುವ ಮೊದಲು ಮಾತು ಕೂಡಿಸಿಕೊಳ್ಳಬೇಕಿತ್ತು. ವಹಿ ತಿರುವಿ ನೋಡಿದರು. ‘ಅರ್ಧ ಗಾಜು’ ಎಂದು ನನ್ನ ಅಕ್ಷರ. ವಹಿಯಲ್ಲಿ ನೀರು ಇದೆ, ಬಾಯ್ಲರಿನಲ್ಲಿ ಇಲ್ಲ. ಹಾಗಾದರೆ ತಪ್ಪು ಬೆಂಕಿಯ ಮುಂದೆ ಇದ್ದವನದು. ಅಥವಾ ಬರೆದವನದು.

“ಆ ಹಾಳಿ ಹರದ್ರ ಆತು” ಎಂದರು ಮಾಲಕರು. “ನಿನ್ನೆ ಹಬ್ಬ ಇತ್ತು, ವಹಿ ಬರದಿಲ್ಲ ಅನ್ರಿ. ಇಬ್ರೂ ಉಳೀತೀರಿ.”

ನನಗೆ ಆ ಮಾತು ಒಪ್ಪಿಗೆಯಾಯಿತು. ಬಚ್ಚಿಡದೆ ಹೇಳುತ್ತೇನೆ, ಹಾಳೆಯ ಮೇಲೆ ಕೈಯನ್ನೂ ಇಟ್ಟೆ. ಹೊರಸಿನ ಮೇಲೆ ಕಾಲಿಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ ಚಾಚಾ ಹಾಳೆಯ ಸಪ್ಪಳ ಕೇಳಿ ತಲೆ ಎತ್ತಿದರು.

“ಮಾಸ್ತರ, ಹರೀಬ್ಯಾಡ್ರಿ. ನಾಳಿ ನನ್ನ ಜಾಗಾಕ್ಕ ಯಾವನರ ಬರತಾನ. ಅವ ಈ ವಹಿ ನಂಬಿ ಬಂಬದ ಮುಂದ ನಿಂದರತಾನ. ಅವಂಗ ಸುಳ್ಳ ಬಿಟ್ಟ ಹೋಗಬಾರದ್ರಿ.”

“ಹಂಗಾರ ಏನ ಬರೀಲ್ರಿ?”

“ಬರದದ್ದು ಇರ್ಲಿ. ಅದರ ಕೆಳಗ ಕಂಡದ್ದು ಬರೀರಿ.”

ನಾನು ಬರೆದೆ: ‘ಮೇಲಿನ ಸಾಲು ತಪ್ಪು. ಏಣಿ ಹತ್ತಿ ನೋಡಲಿಲ್ಲ. ಗಾಜಿನ ಮೇಲಿನ ವಿಭೂತಿಯ ಗೆರೆಯನ್ನು ನೀರು ಎಂದು ತಿಳಿದೆ.’ ಸಹಿ ಹಾಕಿದೆ. ಅವರ ಕಣ್ಣಿನ ವಿಷಯ ಬರೆಯಲಿಲ್ಲ. ಓದಿ ಹೇಳಿದಾಗ ಚಾಚಾ, “ಇನ್ನೊಂದು ಸಾಲ ಬಿಟ್ಟೀರಿ” ಎಂದರು. ನಾನು ವಹಿ ಮುಚ್ಚಿದೆ.

ಅಧಿಕಾರಿ ಧಾರವಾಡದ ಕಡೆಯವರು, ಹೆಚ್ಚು ಮಾತಿಲ್ಲದ ಮನುಷ್ಯ. ಒಲೆಯೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿ ಹೊರಗೆ ಬಂದರು. “ಕಬ್ಬಿಣ ಬಾಗಿಲ್ಲ. ಇನ್ನ ಸ್ವಲ್ಪ ಆಗಿದ್ರ ಈ ಗ್ವಾಡಿನೂ ಇರತಿದ್ದಿಲ್ಲ. ಬೆಂಕಿ ಎಳದವ್ರು ಯಾರು?” ಎಂದು ಕೇಳಿದರು. ವಹಿ ಓದಿದರು. ನನ್ನನ್ನು ಒಮ್ಮೆ ನೋಡಿ, ಚಾಚಾ ಕಡೆ ತಿರುಗಿದರು.

“ಕ್ಲರ್ಕ್ ತಪ್ಪ ನೋಡಿದ, ಆತು. ಗಾಜು ನಿಮ್ಮ ಮುಂದನ ಇತ್ತಲ್ಲ. ನೀವ್ಯಾಕ ನೋಡಲಿಲ್ಲ?”

ಮಾಲಕರು ಕೆಮ್ಮಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚಾಚಾ ಹೇಳಿದರು:

“ನನಗ ಕಾಣೂದಿಲ್ರಿ, ಸಾಹೇಬ್ರ. ವರ್ಷದ ಮ್ಯಾಲಾತು. ಇವರಿಗೆ ಯಾರಿಗೂ ಗೊತ್ತಿಲ್ಲ.”

ಕೊನೆಯ ಮಾತು ಸುಳ್ಳು. ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ. ಅದು ನನ್ನ ಸಲುವಾಗಿ ಹೇಳಿದ್ದು. “ನನಗ ಗೊತ್ತಿತ್ರಿ” ಎಂದು ನಾನು ಹೇಳಿದೆ. ಅಧಿಕಾರಿ ಇಬ್ಬರನ್ನೂ ನೋಡಿ ಪೆನ್ನಿನ ಟೋಪಿ ತೆಗೆದರು. ಕಣ್ಣಿಲ್ಲದವರು ಬಾಯ್ಲರಿನ ಮುಂದೆ ನಿಲ್ಲುವಂತಿಲ್ಲ ಎಂದು ಬರೆದರು. ಇವರು ಬೆಂಕಿ ಎಳೆದದ್ದರಿಂದ ಬಾಯ್ಲರ್ ಉಳಿಯಿತು ಎಂದೂ ಅದರ ಕೆಳಗೆ ಬರೆದರು. ನನ್ನ ವಿಷಯದಲ್ಲಿ ಏನೂ ಬರೆಯಲಿಲ್ಲ. “ತಮ್ಮ ತಪ್ಪ ತಾವ ಬರದವರನ್ನ ತೆಗದ್ರ ಮುಂದ ಯಾರೂ ಬರಿಯೂದಿಲ್ಲ” ಎಂದು ಮಾಲಕರಿಗೆ ಹೇಳಿ ಟಾಂಗಾ ಹತ್ತಿದರು.

ಆ ಸಂಜೆ ನಾನು ಬನ್ನಿ ತೆಗೆದುಕೊಂಡು ಚಾಚಾ ಮನೆಗೆ ಹೋದೆ. ಬನ್ನಿ ಅವರ ಕೈಯಲ್ಲಿ ಇಟ್ಟೆ. ಅವರು ಎಲೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದರು. “ನಾವು ನೀವು ಬಂಗಾರದಂಗ ಇರೂಣ್ರಿ ಮಾಸ್ತರ” ಎಂದು ಅರ್ಧ ನನಗೆ ತಿರುಗಿ ಕೊಟ್ಟರು. ಆಮೇಲೆ, “ಆ ಇನ್ನೊಂದು ಸಾಲ ಬರದ್ರಿಲ್ಲೋ?” ಎಂದು ಕೇಳಿದರು. ಬರೆದಿದ್ದೆ.

ಮಾಲಕರು ಅವರನ್ನು ಬಿಡಿಸಲಿಲ್ಲ. ಕಲ್ಲಿದ್ದಲಿನ ಅಂಗಳಕ್ಕೆ ಹಾಕಿದರು. ಅಲ್ಲಿ ಕಣ್ಣಿನ ಕೆಲಸ ಇರಲಿಲ್ಲ. ಚಕ್ಕಡಿ ಬಂದರೆ ತುಂಡು ಬಡಿದು ನೋಡುವುದು, ಕಲ್ಲು ಬೇರೆ ಮಾಡುವುದು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಹೊಸ ಫಾಯರಮನ್ ಮಿರಜ ಕಡೆಯವನು. ಮೊದಲ ಕೆಲವು ದಿನ ಚಾಚಾ ಕಿಟಕಿಯ ಹೊರಗೆ ನಿಂತು, ಬಾಯ್ಲರಿನ ದನಿ ಕೇಳಿ, ಒಳಗಿನವನಿಗೆ ಕೂಗಿ ಹೇಳುತ್ತಿದ್ದರು. ಒಂದು ದಿನ ಅವನು ಸಿಟ್ಟಾದ. “ಚಾಚಾ, ಬಂಬ ನಂದೋ ನಿಂದೋ?”

“ನಿಂದಪಾ. ಕಿವಿ ಅಷ್ಟ ನಂದು.”

ಮುಂದಿನ ವರ್ಷದ ಖಂಡೇನವಮಿಗೆ ಅಯ್ಯನವರು ಬರುವ ಮೊದಲೇ ಚಾಚಾ ಮಗಳಿಂದ ಒಂದು ಬಿಳಿ ಅರಿವೆಯ ತುಂಡು ತರಿಸಿ, ತಾವೇ ಏಣಿ ಹತ್ತಿ, ಗಾಜಿಗೆ ಸುತ್ತಿ ಕಟ್ಟಿದರು. ಅಯ್ಯನವರು ಕಾರಣ ಕೇಳಿದರು. “ಅದಕ್ಕ ಇಂಥ ದಿನ ನಾಚಿಕಿ ಬರತೈತ್ರಿ ಅಯ್ನಾರ” ಎಂದರು ಚಾಚಾ. ಅಯ್ಯನವರು ನಕ್ಕು ವಿಭೂತಿಯನ್ನು ಕಬ್ಬಿಣಕ್ಕೆ ಹಚ್ಚಿದರು.

ಇದಾದ ಕೆಲವು ವರ್ಷಕ್ಕೆ ನಾನು ವಾರಪತ್ರಿಕೆಗೆ ಸೇರಿದೆ. ಸಂಪಾದಕರು ಕೆಲಸ ಕೊಡುವ ಮೊದಲು, ವರದಿ ಬರೆಯಲು ಎಲ್ಲಿ ಕಲಿತೆ ಎಂದು ಕೇಳಿದರು. ಬಾಯ್ಲರ್ ಮನೆಯಲ್ಲಿ ಎಂದೆ. ಅವರು ನನ್ನನ್ನು ಚೇಷ್ಟೆಗಾರ ಎಂದುಕೊಂಡರು. ಪ್ರಜಾ ಪರಿಷತ್ತಿನ ಸಭೆಗಳು, ಹೊಳೆಯ ನೆರೆ, ನೂಲಿನ ಅಭಾವ, ಕೊನೆಗೆ ವಿಲೀನ, ಇವೆಲ್ಲವನ್ನೂ ಬರೆದಿದ್ದೇನೆ. ಸಭೆಗೆ ಹೋಗದಿದ್ದರೆ ‘ಹೋದವರು ಹೇಳಿದರು’ ಎಂದು ಬರೆದಿದ್ದೇನೆ. ತಪ್ಪಾದಾಗ ಮುಂದಿನ ವಾರ ಅದೇ ಜಾಗದಲ್ಲಿ, ಅದೇ ಅಕ್ಷರದಲ್ಲಿ ತಿದ್ದುಪಡಿ ಹಾಕಿದ್ದೇನೆ. ಇದರಲ್ಲಿ ನನ್ನದೆಂದು ಹೇಳಿಕೊಳ್ಳುವಂಥದು ಹೆಚ್ಚೇನಿಲ್ಲ.

ಆ ಹಬ್ಬದ ದಿನ ತಾಯಿಯ ಹೊಟ್ಟೆಯಲ್ಲಿದ್ದ ನನ್ನ ಮಗಳು ಈಗ ಸಾಲಿಗೆ ಹೋಗುತ್ತಾಳೆ. ಚಾಚಾ ತೀರಿಕೊಂಡ ಮೇಲೆ ಅವರ ಮಗಳು ಆ ಸಮುದ್ರದ ಕಲ್ಲಿದ್ದಲಿನ ಉಂಡೆಯನ್ನು ಅರಿವೆಯಲ್ಲಿ ಕಟ್ಟಿ ನನಗೆ ಕಳಿಸಿಕೊಟ್ಟರು. ‘ಮಾಸ್ತರಿಗೆ ಕೊಡು’ ಎಂದು ಚಾಚಾ ಹೇಳಿದ್ದರಂತೆ. ಇದು ಕೇಳಿದ್ದು. ಉಂಡೆ ನನ್ನ ಮೇಜಿನ ಮೇಲೆ ಇದೆ.

ಈ ವರ್ಷ ಖಂಡೇನವಮಿಗೆ ಬನಹಟ್ಟಿಗೆ ಹೋಗಿದ್ದೆ. ಪೂಜೆಗೆ ಮೊದಲು ಮಿರಜದ ಫಾಯರಮನ್ ಏಣಿ ಹತ್ತಿ ಗಾಜಿಗೆ ಬಿಳಿ ಅರಿವೆ ಕಟ್ಟುತ್ತಿದ್ದ. ಪಕ್ಕದಲ್ಲಿ ಹೊಸದಾಗಿ ಸೇರಿದ ಆಳೊಬ್ಬ ಯಾಕೆಂದು ಕೇಳಿದ. “ಇಲ್ಲಿ ಪದ್ಧತಿ ಐತಿ” ಎಂದ ಅವನು. ಪೂಜೆ ಮುಗಿಯಿತು. ಅವನು ಅರಿವೆ ಬಿಚ್ಚಿ ಗಾಜು ನೋಡಿದ. ಆಮೇಲೆ ನಡುವಿನ ನಳ ತಿರುವಿದ. ನೀರು ಬಂತು.